ಉಳಿದ ಡಾಲರು, ಸತ್ತ ಪೌಂಡು

ಮೈಸೂರಿನ ಒಂದು ಮನೆ. ಅತ್ತೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಪತ್ರಿಕೆಯಲ್ಲಿ ಟೂರಿನ ಜಾಹೀರಾತು ಕಂಡರೆ ಕತ್ತರಿಸಿ ಇಟ್ಟುಕೊಳ್ಳುವವರು. ಅಳಿಯ, ಅಂದರೆ ಅವರ ಅಣ್ಣನ ಮಗ, ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಇರುವವನು. ಸಿಂಗಪುರಕ್ಕೆ ಹೊರಟಿರುವ ಅತ್ತೆ ಹಿಂದಿನ ಪ್ರವಾಸಗಳಲ್ಲಿ ಉಳಿದದ್ದನ್ನೆಲ್ಲ ಮೇಜಿನ ಮೇಲೆ ಹರಡಿದ್ದಾರೆ.

ಅತ್ತೆ: ಇಷ್ಟನ್ನೂ ಕೊಟ್ಟು ಸಿಂಗಪುರದ ಡಾಲರ್ ತಂದುಕೊಡು. ಕೈಯಿಂದ ಹೊಸದಾಗಿ ದುಡ್ಡು ಹಾಕೋದು ಬೇಡ.

ಅಳಿಯ: ಇದರಲ್ಲಿ ಅರ್ಧ ಈಗ ದುಡ್ಡೇ ಅಲ್ಲ, ಅತ್ತೆ.

ಅತ್ತೆ: ಹಾಗಂದ್ರೆ ಏನೋ? ರಾಣಿ ಮುಖ ಇದೆ, ನಂಬರ್ ಇದೆ, ಬೆಳಕಿಗೆ ಹಿಡಿದ್ರೆ ನೀರುಗುರುತೂ ಕಾಣುತ್ತೆ.

ಅಳಿಯ: ಎಲ್ಲಾ ಇದೆ, ನೋಟು ಅಸಲಿಯೇ. ಈ ಇಪ್ಪತ್ತು ಪೌಂಡನ್ನ ತಿರುಗಿಸಿ ನೋಡಿ. ಹಿಂದುಗಡೆ ಆಡಂ ಸ್ಮಿತ್. ಇದು ಕಾಗದದ ನೋಟು. 2022ರ ಸೆಪ್ಟೆಂಬರ್ 30ಕ್ಕೆ ಇದರ ಚಲಾವಣೆ ಮುಗಿದುಹೋಯ್ತು. ಈಗ ಅಲ್ಲಿ ನಡೆಯೋದು ಟರ್ನರ್ ಅನ್ನೋ ಚಿತ್ರಕಾರನ ಮುಖ ಇರೋ ಪಾಲಿಮರ್ ನೋಟು.

ಅತ್ತೆ: ಅರ್ಥಶಾಸ್ತ್ರದ ಪಿತಾಮಹ ಅಂತ ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದೀನಿ. ಅವನನ್ನೇ ರದ್ದು ಮಾಡಿದ್ರಾ!

ಅಳಿಯ: ಅವನೊಬ್ಬನೇ ಅಲ್ಲ. ಕಾಗದದ ಐದು ಪೌಂಡು 2017ರ ಮೇನಲ್ಲಿ ಹೋಯ್ತು. ಡಾರ್ವಿನ್ ಇದ್ದ ಹತ್ತು ಪೌಂಡು 2018ರ ಮಾರ್ಚಿನಲ್ಲಿ. ಈ ದುಂಡನೆಯ ಒಂದು ಪೌಂಡಿನ ನಾಣ್ಯ 2017ರ ಅಕ್ಟೋಬರ್ 15ಕ್ಕೆ. ಈಗಿನದಕ್ಕೆ ಹನ್ನೆರಡು ಮೂಲೆ.

ಅತ್ತೆ: ನನಗೆ ಯಾರೂ ಹೇಳಲಿಲ್ಲವಲ್ಲ.

ಅಳಿಯ: ಯಾರು ಹೇಳಬೇಕಿತ್ತು? ಅವರು ಹೇಳೋದು ಅವರ ಜನಕ್ಕೆ, ಅವರ ಟೀವಿಯಲ್ಲಿ. ಒಂದೊಂದು ದೇಶದ ನೋಟಿಗೂ ಒಂದೊಂದು ಪಂಚಾಂಗ. ಅದನ್ನ ಇಲ್ಲಿ ಓದಿ ಹೇಳೋ ಪುರೋಹಿತರಿಲ್ಲ.

ಅತ್ತೆ: ಹಾಗಾದ್ರೆ ಅರವತ್ತು ಪೌಂಡು ಗೋವಿಂದ?

ಅಳಿಯ: ಪೂರ್ತಿ ಅಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹಳೆಯ ನೋಟಿಗೆ ಎಂದಾದರೂ ಬೆಲೆ ಕೊಟ್ಟೇ ಕೊಡುತ್ತೆ, ಅದಕ್ಕೆ ಕೊನೆಯ ದಿನ ಅಂತಿಲ್ಲ. ಆದರೆ ಅದು ಇರೋದು ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿ. ಮೈಸೂರಿನ ಮನಿ ಚೇಂಜರ್ ಇದನ್ನ ಮುಟ್ಟಲ್ಲ, ಅವನು ಅದನ್ನ ಯಾರಿಗೆ ಮಾರ್ತಾನೆ? ಅಂಚೆಗೆ ಹಾಕಿ ಕಳಿಸೋಣ ಅಂದ್ರೆ, ಕರೆನ್ಸಿಯನ್ನ ದೇಶದಿಂದ ಹೊರಗೆ ಕಳಿಸೋದಕ್ಕೆ ನಮ್ಮಲ್ಲಿ ಬೇರೆಯೇ ಕಾನೂನಿದೆ. ಆ ಕಡೆ ಹೋಗೋರು ಯಾರಾದರೂ ಸಿಕ್ಕಿದಾಗ ನೋಡಬೇಕು. ಅರವತ್ತು ಪೌಂಡಿಗೋಸ್ಕರ ಅವರು ಒಂದು ಬೆಳಿಗ್ಗೆ ಸಾಲಲ್ಲಿ ನಿಲ್ಲಬೇಕು.

ಅತ್ತೆ: ಇದೆಲ್ಲಾ ಬಿಳಿಯರ ಹೊಸ ಹುಚ್ಚು ಅನ್ನೋ ಹಾಗೂ ಇಲ್ಲ ಬಿಡು. 2016ರ ನವೆಂಬರಿನಲ್ಲಿ ನಾವೇನು ಮಾಡಿದ್ವಿ?

ಅಳಿಯ: ಅದೇ ಸರಿಯಾದ ಉದಾಹರಣೆ. ಆಗ ರದ್ದಾದ ನಮ್ಮ ಐನೂರು, ಸಾವಿರದ ನೋಟು ನೇಪಾಳ, ಭೂತಾನದವರ ಪೆಟ್ಟಿಗೆಯಲ್ಲಿದ್ವು, ದುಬೈನಲ್ಲಿ, ನ್ಯೂಜೆರ್ಸಿಯಲ್ಲಿ ಇರೋ ನಮ್ಮವರ ಸೂಟ್‌ಕೇಸಿನಲ್ಲಿದ್ವು. ಅವರಿಗೆ ನಮ್ಮ ರೂಪಾಯಿಯೇ ಉಳಿದುಹೋದ ಪರದೇಶದ ದುಡ್ಡು. ಅನಿವಾಸಿಗಳಿಗೆ 2017ರ ಜೂನ್ 30ರ ತನಕ ಅವಕಾಶ ಕೊಟ್ರು. ಆದರೆ ಎಲ್ಲಿ? ರಿಸರ್ವ್ ಬ್ಯಾಂಕಿನ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ನಾಗಪುರ ಕಚೇರಿಗಳಲ್ಲಿ ಮಾತ್ರ. ನೃಪತುಂಗ ರಸ್ತೆಯಲ್ಲಿ ಅಷ್ಟು ದೊಡ್ಡ ಕಚೇರಿ ಇದ್ರೂ ಬೆಂಗಳೂರಿಗೆ ಆ ಭಾಗ್ಯ ಇರಲಿಲ್ಲ. ವಿಮಾನ ಇಳಿದಾಗ ಕಸ್ಟಮ್ಸಿನಲ್ಲಿ ಘೋಷಿಸಿ ಕಾಗದ ತಗೊಂಡಿರಬೇಕು, ಆಮೇಲೆ ರೈಲು ಹತ್ತಿ ಚೆನ್ನೈಗೆ ಹೋಗಬೇಕು.

ಅತ್ತೆ: ನಾಲ್ಕು ಸಾವಿರದ ನೋಟಿಗೆ ಮೂರು ಸಾವಿರದ ಖರ್ಚು.

ಅಳಿಯ: ಬಹಳ ಜನ ಹೋಗಲೇ ಇಲ್ಲ. ಸಣ್ಣ ಮೊತ್ತದ ಪಾಡೇ ಅದು. ದೊಡ್ಡ ಮೊತ್ತ ಇದ್ದವನು ಎದ್ದುಬಿದ್ದು ಓಡ್ತಾನೆ. ಸಣ್ಣದನ್ನ ನಾಳೆ ನೋಡೋಣ ಅಂತ ಬಿಡ್ತೀವಿ.

ಅತ್ತೆ: ಎಲ್ಲಾ ದೇಶದವರೂ ಇಂಗ್ಲೆಂಡಿನವರ ಹಾಗೆ ಯಾವಾಗ ಬಂದ್ರೂ ಬದಲಿಸಿ ಕೊಡ್ತಾರಾ?

ಅಳಿಯ: ಇಲ್ಲ, ಅಲ್ಲೇ ಇರೋದು ತಮಾಷೆ. 2002ರಲ್ಲಿ ಯೂರೋ ನೋಟು ಬಂತಲ್ಲ, ಆಗ ಹಳೆಯ ಕರೆನ್ಸಿಗೆ ಒಬ್ಬೊಬ್ಬರು ಒಂದೊಂದು ಗಡುವು ಇಟ್ರು. ಜರ್ಮನಿಯವರು ಮಾರ್ಕನ್ನ ಇವತ್ತಿಗೂ ತಗೋತಾರೆ. ಹಾಗಿದ್ದೂ ಇನ್ನೂ ಸುಮಾರು 1,200 ಕೋಟಿ ಮಾರ್ಕ್ ವಾಪಸ್ ಬಂದಿಲ್ಲ. ಫ್ರಾನ್ಸಿನವರು 2012ರ ಫೆಬ್ರವರಿ 17ಕ್ಕೆ ಬಾಗಿಲು ಹಾಕಿದ್ರು. ಇಟಲಿಯವರು ಇನ್ನೂ ಜೋರು. ಫೆಬ್ರವರಿ ತನಕ ಸಮಯ ಇದೆ ಅಂತ ಜನ ನಂಬಿಕೊಂಡಿದ್ರೆ, ಸರ್ಕಾರ ಖಜಾನೆ ತುಂಬಿಸಿಕೊಳ್ಳೋಕೆ 2011ರ ಡಿಸೆಂಬರಿನಲ್ಲೇ ರಾತ್ರೋರಾತ್ರಿ ನಿಲ್ಲಿಸಿಬಿಡ್ತು.

ಅತ್ತೆ: ಕೊಟ್ಟ ಗಡುವನ್ನೂ ನಂಬೋ ಹಾಗಿಲ್ಲ ಅನ್ನು. ಈ ಸ್ವಿಸ್ ಫ್ರಾಂಕ್? ಬೆಟ್ಟದ ರೈಲಿನಲ್ಲಿ ಚಾಕೊಲೇಟ್ ತಗೊಂಡು ಉಳಿದದ್ದು.

ಅಳಿಯ: ನಿಮ್ಮದು ಹಿಂದಿನ ಸರಣಿ, ಕನ್ನಡಕ ಹಾಕಿರೋ ಲೆ ಕಾರ್ಬ್ಯುಸಿಯೆ ಇರೋದು.

ಅತ್ತೆ: ಚಂಡೀಗಢ ಕಟ್ಟಿದವನು.

ಅಳಿಯ: ಅವನೇ. 2021ರ ಏಪ್ರಿಲ್ 30ಕ್ಕೆ ಆ ಸರಣಿ ಹಿಂದಕ್ಕೆ ಹೋಯ್ತು. ಅಲ್ಲಿನ ಕೇಂದ್ರ ಬ್ಯಾಂಕು ಈಗಲೂ ಬದಲಿಸಿ ಕೊಡುತ್ತೆ, ಆದರೆ ಅಲ್ಲಿಗೆ ಹೋದ್ರೆ.

ಅತ್ತೆ: ಇದನ್ನ ಕೇಳ್ತಾ ಕೇಳ್ತಾ ನನಗೆ ಭಯ ಹತ್ತಿದ್ದು ಬೇರೆ. ಇಷ್ಟು ದಿನ ಮನೇಲಿ ಇಟ್ಟುಕೊಂಡದ್ದೇ ಅಪರಾಧ ಅಲ್ಲ ತಾನೆ?

ಅಳಿಯ: ನಿಮ್ಮ ಮಟ್ಟಿಗೆ ಅಲ್ಲ. ನಿಯಮ ಇಷ್ಟೇ. ಪ್ರವಾಸದಿಂದ ಬಂದ 180 ದಿನದೊಳಗೆ ಉಳಿದ ವಿದೇಶಿ ಹಣವನ್ನ ಬ್ಯಾಂಕಿಗೋ ಅಧಿಕೃತ ಮನಿ ಚೇಂಜರಿಗೋ ಒಪ್ಪಿಸಬೇಕು. ಅದರಲ್ಲಿ 2,000 ಡಾಲರಿನಷ್ಟು, ಅಥವಾ ಬೇರೆ ಕರೆನ್ಸಿಯಲ್ಲಿ ಅಷ್ಟೇ ಬೆಲೆಯದನ್ನ, ಮುಂದಕ್ಕೆ ಬೇಕಾಗುತ್ತೆ ಅಂತ ಕೈಯಲ್ಲೇ ಇಟ್ಕೊಳ್ಳಬಹುದು. ಎಲ್ಲಾ ಸೇರಿ ಎರಡು ಸಾವಿರ, ಒಂದೊಂದು ದೇಶಕ್ಕೆ ಎರಡು ಸಾವಿರ ಅಲ್ಲ. ನಾಣ್ಯಕ್ಕೆ ಮಿತಿಯೇ ಇಲ್ಲ.

ಅತ್ತೆ: ಎರಡು ಸಾವಿರ ಡಾಲರಂತೆ! ನನ್ನದೆಲ್ಲಾ ಗುಡ್ಡೆ ಹಾಕಿದ್ರೂ ಅದರ ಕಾಲು ಭಾಗ ಆಗಲ್ಲ.

ಅಳಿಯ: ಮೀರಿದ್ರೆ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣೆ ಕಾನೂನಿನ 13ನೇ ಸೆಕ್ಷನ್ ಪ್ರಕಾರ ಆ ಮೊತ್ತದ ಮೂರರಷ್ಟು ತನಕ ದಂಡ ಹಾಕಬಹುದು. ಅದಕ್ಕಿಂತ ಹೆಚ್ಚು ಉಳಿಸಿಕೊಳ್ಳಲೇಬೇಕು ಅನ್ನೋರಿಗೆ ಬ್ಯಾಂಕಿನಲ್ಲಿ ಆರ್‌ಎಫ್‌ಸಿ ಡೊಮೆಸ್ಟಿಕ್ ಅನ್ನೋ ಖಾತೆ ಇದೆ, ಡಾಲರನ್ನ ಡಾಲರಾಗೇ ಇಡಬಹುದು, ಬಡ್ಡಿ ಬರಲ್ಲ. ನಿಮಗೆ ಅದರ ಗೊಡವೆ ಬೇಡ.

ಅತ್ತೆ: ಸರಿ. ಹಾಗಿದ್ರೆ ಈ ಅಮೆರಿಕದ ಡಾಲರನ್ನ ಎದುರುಮನೆ ಹುಡುಗನಿಗೆ ಕೊಟ್ಟುಬಿಡ್ತೀನಿ. ಓದೋಕೆ ಹೊರಟಿದ್ದಾನೆ. ಅವನಿಗೂ ಕಮಿಷನ್ ಉಳಿಯುತ್ತೆ, ನನಗೂ ಪೂರ್ತಿ ರೂಪಾಯಿ ಸಿಗುತ್ತೆ.

ಅಳಿಯ: ಅದೇ ಅಪರಾಧ.

ಅತ್ತೆ: ಬೀರುವಿನಲ್ಲಿ ಇಟ್ಟರೆ ಪರವಾಗಿಲ್ಲ, ಪಕ್ಕದವರಿಗೆ ಕೊಟ್ಟರೆ ತಪ್ಪಾ? ಇದೆಂಥಾ ಕಾನೂನೋ!

ಅಳಿಯ: ನಮ್ಮ ಆಫೀಸಿನಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ಐಟಿ ಕಂಪನಿಗಳ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತೆ, ‘ನನ್ನ ಹತ್ತಿರ ಮುನ್ನೂರು ಯೂರೋ ಇದೆ, ಯಾರಿಗಾದರೂ ಬೇಕಾ’ ಅಂತ. ಫೆಮಾದ 3ನೇ ಸೆಕ್ಷನ್ ಓದಿದ್ರೆ, ವಿದೇಶಿ ವಿನಿಮಯದ ವ್ಯವಹಾರ ಮಾಡೋದು, ಕೈ ಬದಲಿಸೋದು ಅಧಿಕೃತರ ಜತೆ ಮಾತ್ರ. ಅಕ್ಕಪಕ್ಕದವರು, ಸಹೋದ್ಯೋಗಿ, ನೆಂಟರು ಯಾರೂ ಅಧಿಕೃತರಲ್ಲ. ಹಿಡಿಯೋಕೆ ಯಾರೂ ಬರಲ್ಲ ಅನ್ನೋದು ಬೇರೆ ಮಾತು. ಇನ್ನೊಂದು ಕಡೆಯಿಂದ ನೋಡಿ. ಆ ಹುಡುಗ ಅಲ್ಲಿ ನೋಟು ಕೊಟ್ಟಾಗ ಅದು ಖೋಟಾ ಅಂತ ಗೊತ್ತಾಯ್ತು ಅನ್ನಿ. ಅವನ ಕೈಲಿ ರಸೀತಿ ಇಲ್ಲ. ನಿಮಗೆ ಆ ನೋಟು ಯಾರಿಂದ ಬಂತು ಅಂತ ನಿಮಗೂ ನೆನಪಿಲ್ಲ. ಆಮೇಲೆ ಎದುರುಬದುರು ಮನೆಯವರು ಮುಖ ನೋಡೋದು ಹೇಗೆ?

ಅತ್ತೆ: ಆಯ್ತಪ್ಪ, ಕೊಡಲ್ಲ. ಇಟ್ಕೋತೀನಿ. ಡಾಲರ್ ಏರ್ತಾನೇ ಇರುತ್ತಲ್ಲ. ಹಳೆಯ ಚಿನ್ನದ ಥರ.

ಅಳಿಯ: ಏರೋದು ನಿಜ. 2013ರ ಆರಂಭದಲ್ಲಿ ಡಾಲರಿಗೆ ಸುಮಾರು 55 ರೂಪಾಯಿ, ಹತ್ತು ವರ್ಷದ ಮೇಲೆ ಸುಮಾರು 82. ಅಂದರೆ ನೂರು ಡಾಲರ್ 5,500 ಇದ್ದದ್ದು 8,200 ಆಯ್ತು. ಅದೇ 5,500ನ್ನ ಶೇಕಡ 8ರ ಬಡ್ಡಿಗೆ ಹತ್ತು ವರ್ಷ ಠೇವಣಿ ಇಟ್ಟಿದ್ರೆ ಹನ್ನೊಂದು ಸಾವಿರ ದಾಟ್ತಿತ್ತು. ಆಗ ಅಷ್ಟು ಬಡ್ಡಿ ಸಿಗ್ತಿತ್ತು, ನಿಮಗೇ ನೆನಪಿರಬೇಕು.

ಅತ್ತೆ: ನೆನಪಿಲ್ಲದೆ ಏನು. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟು ಜಾಸ್ತಿ ಬೇರೆ.

ಅಳಿಯ: ಇದು ಡಾಲರಿನ ಕತೆ, ಇದ್ದುದರಲ್ಲಿ ಗಟ್ಟಿ ಕುಳ. ಈ ಟರ್ಕಿ ಲಿರಾ ನೋಡಿ. ಇಸ್ತಾಂಬುಲ್ಲಿಗೆ ನೀವು ಹೋದದ್ದು ಯಾವಾಗ?

ಅತ್ತೆ: ನಿನ್ನ ಮಾವ ಇದ್ದಾಗ. 2013 ಇರಬೇಕು, ಬೇಸಿಗೆ ರಜೆಗೆ ಮುಂಚೆ.

ಅಳಿಯ: ಆಗ ಒಂದು ಲಿರಾಕ್ಕೆ ಹೆಚ್ಚು ಕಡಿಮೆ ಮೂವತ್ತು ರೂಪಾಯಿ. ಇಲ್ಲಿ ಮುನ್ನೂರು ಲಿರಾ ಇದೆ, ಅಂದರೆ ಒಂಬತ್ತು ಸಾವಿರ ರೂಪಾಯಿ ಮಡಿಸಿ ಕವರಿನಲ್ಲಿಟ್ರಿ. ಈಗ ಲಿರಾ ಎರಡು ಎರಡೂವರೆ ರೂಪಾಯಿ. ಎಲ್ಲಾ ಸೇರಿ ಆರೇಳು ನೂರು, ಅದೂ ತಗೊಳ್ಳೋರು ಸಿಕ್ಕರೆ.

ಅತ್ತೆ: ಒಂಬತ್ತು ಸಾವಿರ ಆರೇಳು ನೂರಾಯ್ತಾ? ಇಲಿ ತಿಂದಿದ್ರೂ ಇಷ್ಟು ತಿಂತಿರಲಿಲ್ಲ.

ಅಳಿಯ: ಅದು ಸದ್ದಿಲ್ಲದೆ ಆಗುತ್ತೆ. ಶೇರು ಬಿದ್ದರೆ ಪತ್ರಿಕೇಲಿ ಬರುತ್ತೆ, ಮೊಬೈಲಿನಲ್ಲಿ ಕೆಂಪು ಬಾಣ ಕಾಣುತ್ತೆ. ಕವರಿನೊಳಗಿನ ಲಿರಾ ಬಿದ್ದರೆ ನೋಟು ಹಾಗೇ ಇರುತ್ತೆ, ಅಷ್ಟೇ ಗರಿಗರಿಯಾಗಿ. ಆ ದೇಶದವರು 2005ರಲ್ಲಿ ಹಳೆಯ ಲಿರಾದಿಂದ ಆರು ಸೊನ್ನೆ ತೆಗೆದುಹಾಕಿದ್ರು ಅನ್ನೋದು ಗೊತ್ತಿದ್ದಿದ್ರೆ ಆಗಲೇ ಅನುಮಾನ ಬರಬೇಕಿತ್ತು.

ಅತ್ತೆ: ಮಲೇಷ್ಯಾದ್ದು ಸರಿ ಇರಬೇಕಲ್ಲ?

ಅಳಿಯ: ಈಗ ಸರಿ ಇದೆ. ಆದರೆ 1998ರಲ್ಲಿ ಅವರೂ ಒಂದು ಕೈ ತೋರಿಸಿದ್ರು. ಏಷ್ಯಾದ ಕರೆನ್ಸಿಗಳೆಲ್ಲಾ ಕುಸೀತಿದ್ದಾಗ ಮಹತೀರ್ ಸರ್ಕಾರ ಸೆಪ್ಟೆಂಬರಿನಲ್ಲಿ ಡಾಲರಿಗೆ 3.80 ರಿಂಗಿಟ್ ಅಂತ ದರ ಕಟ್ಟಿಹಾಕ್ತು. ದೇಶದ ಹೊರಗಿರೋ ರಿಂಗಿಟ್ ಅಕ್ಟೋಬರ್ 1ರೊಳಗೆ ಒಳಗೆ ಬರದಿದ್ರೆ ಅದಕ್ಕೆ ಬೆಲೆ ಇಲ್ಲ ಅಂದಿತು. ಗುರಿ ಇಟ್ಟದ್ದು ಸಿಂಗಪುರದ ಸಟ್ಟಾ ವ್ಯಾಪಾರಿಗಳ ಮೇಲೆ. ಆದರೆ ಕಾನೂನು ಬರೆಯುವಾಗ ಸಟ್ಟಾದವನ ರಿಂಗಿಟ್ ಯಾವುದು, ಪ್ರವಾಸಿ ಮನೇಲಿ ಮರೆತದ್ದು ಯಾವುದು ಅಂತ ಯಾರು ಬೇರೆ ಮಾಡ್ತಾರೆ?

ಅತ್ತೆ: ಹಾಗಾದ್ರೆ ಉಳಿದಿರೋದು ಡಾಲರ್ ಒಂದೇ. ಅದನ್ನಾದರೂ ಯಾರೂ ರದ್ದು ಮಾಡಿಲ್ಲ ತಾನೆ?

ಅಳಿಯ: ಇಲ್ಲ. 1861ರಿಂದ ಈಚೆಗೆ ಅಮೆರಿಕ ಸರ್ಕಾರ ಹೊರಡಿಸಿದ ನೋಟೆಲ್ಲಾ ಅಲ್ಲಿ ಚಾಲ್ತಿಯಲ್ಲೇ ಇದೆ. ಕೊಡಿ ಇಲ್ಲಿ... ಅತ್ತೆ, ಇದೇನು ಈ ನೂರರ ನೋಟಿನಲ್ಲಿ ಫ್ರ್ಯಾಂಕ್ಲಿನ್ ಹಣೆಗೆ ಕುಂಕುಮ?

ಅತ್ತೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡ್ತೀನಲ್ಲ. ಎಲ್ಲರೂ ಐನೂರರ ನೋಟಿನ ಹಾರ ಹಾಕ್ತಾರೆ, ನಾನು ಡಾಲರ್ ನೋಟು ಇಟ್ಟರೆ ತಾಯಿಗೆ ಸಂತೋಷ ಅಂತ. ಅರಿಶಿನ ಕುಂಕುಮ ಹಚ್ಚದೆ ಪೂಜೆ ಮಾಡೋಕಾಗುತ್ತಾ?

ಅಳಿಯ: ತಾಯಿಗೆ ಸಂತೋಷ, ಮನಿ ಚೇಂಜರಿಗೆ ಅಲ್ಲ. ಕಲೆ, ಹರುಕು, ಸ್ಟೇಪ್ಲರ್ ತೂತು, ಪೆನ್ನಿನ ಬರಹ, ಯಾರದೋ ಮೊಹರು, ಇಷ್ಟಿದ್ರೆ ಒಂದೋ ಬೇಡ ಅಂತಾನೆ, ಇಲ್ಲ ದರ ಇಳಿಸ್ತಾನೆ. ಅಮೆರಿಕದ ಬ್ಯಾಂಕು ಹರಿದದ್ದನ್ನೂ ತಗೊಳ್ಳಬಹುದು. ಆದರೆ ಏಷ್ಯಾದ ತುಂಬಾ ಕಡೆ, ನೂರು ಡಾಲರ್ ನೀಲಿ ಪಟ್ಟಿ ಇರೋ 2013ರ ವಿನ್ಯಾಸದ್ದಾಗಿರಬೇಕು, ಗರಿಗರಿ ಇರಬೇಕು ಅಂತ ಹಟ. ಸಣ್ಣ ತಲೆಯ ಹಳೆಯ ನೋಟು ಕಂಡ್ರೆ ಮುಖ ತಿರುಗಿಸ್ತಾರೆ. ಕಾನೂನಿನಲ್ಲಿ ಬೆಲೆ ಇದೆ, ಕೌಂಟರಿನಲ್ಲಿ ಇಲ್ಲ. ನಮ್ಮ ಕರಾವಳಿ ಕಡೆ, ಮಲೆನಾಡಿನಲ್ಲಂತೂ ಒಂದು ಮಳೆಗಾಲ ಸಾಕು, ಬೀರುವಿನಲ್ಲಿಟ್ಟ ನೋಟಿಗೆ ಬೂಷ್ಟು ಹತ್ತೋಕೆ.

ಅತ್ತೆ: ಅಷ್ಟಕ್ಕೂ ಈ ಮನಿ ಚೇಂಜರುಗಳದ್ದು ಏನು ಸತ್ಯ ಹರಿಶ್ಚಂದ್ರನ ವ್ಯಾಪಾರವಾ? ಕೊಡುವಾಗ ಒಂದು ದರ, ತಗೊಳ್ಳುವಾಗ ಒಂದು ದರ. ಅವರ ಕೈಗೆ ಕೊಡೋದಕ್ಕಿಂತ ಮನೇಲಿರಲಿ ಅನ್ನಿಸೋದು ಅದಕ್ಕೇ.

ಅಳಿಯ: ಆ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ನಡುವಿನ ಅಂತರದಲ್ಲೇ ಅವರ ಜೀವನ. ಆದರೆ ಅಂತರ ಯಾಕೆ ಒಂದೊಂದು ಕರೆನ್ಸಿಗೆ ಒಂದೊಂದು ಥರ ಅಂತ ನೋಡಿ. ನೀವು ಕೊಟ್ಟ ನೋಟನ್ನ ಅವನು ಇನ್ನೊಬ್ಬ ಪ್ರಯಾಣಿಕನಿಗೆ ಮಾರಬೇಕು. ಮಂಗಳೂರಿನ ಅಂಗಡಿಗೆ ದಿರ್ಹಾಮ್ ಕೊಟ್ಟರೆ ಸಂಜೆಯೊಳಗೆ ದುಬೈಗೆ ಹೋಗೋನು ಯಾರೋ ತಗೋತಾನೆ. ಅದು ಡಾಲರಿಗೆ ಕಟ್ಟಿಹಾಕಿದ ಕರೆನ್ಸಿ ಬೇರೆ, 3.6725ಕ್ಕೆ ಒಂದು, ಏರಿಳಿತದ ತಲೆನೋವಿಲ್ಲ. ಅದೇ ಲಿರಾ ಕೊಟ್ಟರೆ ಎಷ್ಟು ದಿನ ಡ್ರಾಯರಿನಲ್ಲಿ ಕೊಳೆಯಬೇಕೋ, ಅಷ್ಟರಲ್ಲಿ ಎಷ್ಟು ಬೀಳುತ್ತೋ. ಆ ಭಯವನ್ನೆಲ್ಲಾ ನಿಮ್ಮ ದರದಲ್ಲೇ ಮುರೀತಾನೆ. ಅಲ್ಲದೆ ಜಿಎಸ್‌ಟಿ ಇದೆ. ಸಾಮಾನ್ಯವಾಗಿ ಹಾಕೋ ಲೆಕ್ಕದಲ್ಲಿ ಎಷ್ಟು ಸಣ್ಣ ವಹಿವಾಟಾದರೂ ಕನಿಷ್ಠ 45 ರೂಪಾಯಿ. ಹತ್ತು ಯೂರೋ ಮಾರೋಕೆ ಹೋದವನಿಗೂ ಅಷ್ಟೇ.

ಅತ್ತೆ: ಅದಕ್ಕೇ ಐದು ಸಲ ಓಡಾಡೋದಕ್ಕಿಂತ ಒಂದೇ ಸಲ ಕೊಡಬೇಕು ಅಂತ ನಾನು ಕೂಡಿಟ್ಟಿದ್ದು.

ಅಳಿಯ: ಅದಕ್ಕೆ ಬದಲು ಅಲ್ಲೇ ಮುಗಿಸಿ ಬನ್ನಿ. ಕೊನೆಯ ದಿನ ಹೋಟೆಲಿನಲ್ಲಿ ಕೈಲಿರೋ ನಗದನ್ನೆಲ್ಲಾ ಕೌಂಟರಿನ ಮೇಲೆ ಸುರಿದು, ಬಾಕಿ ಬಿಲ್ಲನ್ನ ಮಾತ್ರ ಕಾರ್ಡಿನಲ್ಲಿ ಕೊಡ್ತೀನಿ ಅಂದ್ರೆ ಬಹುತೇಕ ಕಡೆ ಒಪ್ತಾರೆ. ಚಿಲ್ಲರೆಯೂ ಅಲ್ಲೇ ಹೋಗುತ್ತೆ. ನಾಣ್ಯ ಊರಿಗೆ ಬಂತು ಅಂದ್ರೆ ಮುಗೀತು, ಇಲ್ಲಿ ಯಾರೂ ಕೊಳ್ಳಲ್ಲ. ಕೆಲವು ವಿಮಾನಗಳಲ್ಲಿ ಯುನಿಸೆಫ್‌ನವರ ಲಕೋಟೆ ಕೊಡ್ತಾರೆ, 1987ರಿಂದ ನಡೀತಿದೆ, ಉಳಿದ ಚಿಲ್ಲರೆ ಹಾಕಿದ್ರೆ ಮಕ್ಕಳ ಕೆಲಸಕ್ಕೆ ಹೋಗುತ್ತೆ.

ಅತ್ತೆ: ನೀನು ಹೇಳೋದೆಲ್ಲಾ ಲೆಕ್ಕಕ್ಕೆ ಸರಿ. ಒಂದು ಕೇಳ್ತೀನಿ. ಮೂರು ವರ್ಷದ ಹಿಂದೆ ರಾತ್ರಿ ಒಂದು ಗಂಟೆಗೆ ಪರ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದ್ವಿ. ಕಾರ್ಡು ಯಾಕೋ ನಡೀಲಿಲ್ಲ. ನನ್ನ ಪರ್ಸಿನಲ್ಲಿ ಹಳೆಯ ಟೂರಿನ ನಲವತ್ತು ಡಾಲರ್ ಇಲ್ಲದಿದ್ರೆ ಟ್ಯಾಕ್ಸಿ ಎಲ್ಲಿ? ಆಗ ನಿನ್ನ ಠೇವಣಿ ಬಡ್ಡಿ ಬರ್ತಿತ್ತಾ?

ಅಳಿಯ: ಬರ್ತಿರಲಿಲ್ಲ. ಅಷ್ಟನ್ನ ಇಟ್ಕೊಳ್ಳೋದನ್ನ ನಾನೂ ಒಪ್ತೀನಿ. ಡಾಲರೋ ಯೂರೋನೋ, ಮತ್ತೆ ಹೋಗೋ ಊರಿನದೋ, ಒಂದು ಟ್ಯಾಕ್ಸಿ, ಒಂದು ರಾತ್ರಿ ಊಟಕ್ಕೆ ಆಗೋಷ್ಟು, ಕುಂಕುಮ ಇಲ್ಲದ್ದು.

ಅತ್ತೆ: ಕಾರ್ಡಿನಲ್ಲೇ ಎಲ್ಲಾ ತುಂಬಿಸಿಕೊಂಡು ಹೋಗಿ ಅಂತ ಟೂರಿನವರು ಕಾರ್ಡ್ ಬೇರೆ ಕೊಟ್ಟಿದ್ರು. ಅದು ಎಲ್ಲೋ ಇದೆ.

ಅಳಿಯ: ಹುಡುಕಿ. ಕಾರ್ಡಿನೊಳಗೆ ಉಳಿದದ್ದೂ ಉಳಿದ ವಿದೇಶಿ ಹಣವೇ. ಬಳಸದೆ ಬಿಟ್ಟರೆ ತಿಂಗಳು ತಿಂಗಳು ಶುಲ್ಕ ಮುರಿದುಕೊಳ್ಳೋ ಕಾರ್ಡುಗಳಿವೆ, ಅವಧಿ ಮುಗಿದ್ರೆ ವಾಪಸ್ ಪಡೆಯೋಕೆ ಅರ್ಜಿ ಬರೆದು ಅಲೆಯಬೇಕು. ಕಣ್ಣಿಗೆ ಕಾಣೋ ನೋಟಾದರೆ ಎಂದಾದರೂ ನೆನಪಾಗುತ್ತೆ.

ಅತ್ತೆ: ಈಗ ವಿಂಗಡಿಸು ನೋಡೋಣ. ಯಾವುದು ಹೋಗುತ್ತೆ, ಯಾವುದು ಇರುತ್ತೆ?

ಅಳಿಯ: ರಿಂಗಿಟ್ ಸೋಮವಾರ ಮಾರೋಣ. ಕಲೆ ಇಲ್ಲದ ಡಾಲರಲ್ಲಿ ಒಂದಿಷ್ಟು ನಿಮ್ಮ ಪರ್ಸಿಗೆ, ಮಿಕ್ಕಿದ್ದು ಮಾರಾಟಕ್ಕೆ. ಪಾಸ್‌ಪೋರ್ಟ್ ಹೊರಗೆ ತೆಗೆದಿಡಿ, ಕೇಳ್ತಾರೆ, ರಸೀತಿ ಬಿಡಬೇಡಿ. ಪೌಂಡು, ಫ್ರಾಂಕು ಒಂದು ಕವರಿಗೆ, ಮೇಲೆ ‘ಲಂಡನ್’, ‘ಜ್ಯೂರಿಕ್’ ಅಂತ ಬರೆದು, ಯಾರಾದರೂ ಹೋದಾಗ ಕೊಡಿ. ಕುಂಕುಮದ ಡಾಲರ್ ಇನ್ನು ದೇವರಿಗೇ. ಲಿರಾ ನಿಮ್ಮಿಷ್ಟ.

ಅತ್ತೆ: ಲಿರಾ ನಾನು ಕೊಡಲ್ಲ. ಒಂಬತ್ತು ಸಾವಿರಕ್ಕೆ ತಗೊಂಡ ಪಾಠ ಅಂತ ಗೋಡೆಗೆ ಫ್ರೇಮ್ ಹಾಕಿಸ್ತೀನಿ. ಅಂದಹಾಗೆ, ಉಡುಪಿ ಅತ್ತೆ ಮನೇಲೂ ಒಂದು ಕಟ್ಟು ಇದೆ ಕಣೋ. ಆ ಮಾವ ಮಸ್ಕತ್ತಿನಿಂದ ಬಂದಾಗ ತಂದ ರಿಯಾಲು. ಒಂದು ರಿಯಾಲಿಗೆ ಇನ್ನೂರು ರೂಪಾಯಿಗಿಂತ ಹೆಚ್ಚು, ಯಾವಾಗ ಬೇಕಾದರೂ ಚಿನ್ನ ಅಂತಿದ್ರು.

ಅಳಿಯ: ಅವರು ಬಂದದ್ದು ಯಾವ ಇಸವಿ?

ಅತ್ತೆ: ಬಹಳ ಹಿಂದೆ. ನಿನ್ನ ಉಪನಯನಕ್ಕೆ ಮುಂಚೆ.

ಅಳಿಯ: ಹಾಗಾದ್ರೆ 1995ರ ಸರಣಿಯ ನೋಟು ಇರಬೇಕು. ಒಮಾನಿನ ಕೇಂದ್ರ ಬ್ಯಾಂಕು ಆ ಹಳೆಯ ನೋಟುಗಳನ್ನೆಲ್ಲಾ 2024ರ ಡಿಸೆಂಬರ್ 31ರೊಳಗೆ ಬದಲಿಸಿಕೊಳ್ಳಿ ಅಂತ ಇಡೀ ವರ್ಷ ಹೇಳ್ತಿತ್ತು. ಕುವೈತಿನವರೂ ಹಾಗೇ, ಹಳೆಯ ಐದನೇ ಸರಣಿಗೆ 2025ರ ಏಪ್ರಿಲ್ 18 ಕೊನೆ ದಿನ ಅಂದಿದ್ರು. ಕರಾವಳಿಯ ಎಷ್ಟು ಮನೆಗಳ ಬೀರುವಿನಲ್ಲಿ ಇವೆಯೋ.

ಅತ್ತೆ: ದೇವರೇ. ಅದು ಸಾವಿರ ಲೆಕ್ಕದ್ದಲ್ಲ ಕಣೋ, ಲಕ್ಷದ ಮಾತು.

ಅಳಿಯ: ಎಲ್ಲಾ ಹಳೆಯದೇ ಅಂತ ಈಗಲೇ ಹೇಳಕ್ಕಾಗಲ್ಲ. ನೋಟಿನ ಎರಡೂ ಬದಿ ಫೋಟೋ ತೆಗೆದು ಕಳಿಸಲಿ. ಇಸವಿ ಸ್ಪಷ್ಟ ಕಾಣಬೇಕು. ಯಾರಿಗೂ ಮಾರೋದು ಬೇಡ, ಅರ್ಧ ಬೆಲೆಗೆ ತಗೋತೀನಿ ಅಂತ ಯಾರಾದರೂ ಬಂದ್ರೂ ಕೊಡೋದು ಬೇಡ.

ಅತ್ತೆ: ಇರು, ಫೋನ್ ಹಚ್ಚು. ಸ್ಪೀಕರ್ ಹಾಕು. ಮಾವನೇ ಎತ್ತಿದ್ರೆ ನೀನು ಮಾತಾಡು, ನಾನು ಹೇಳಿದ್ರೆ ಅವರು ನಂಬಲ್ಲ.